ಅದೇ ಸ್ಕ್ರಿಪ್ಟ್, ಬೇರೆ ಕಂಪ್ಯೂಟರ್, ಬೇರೆ ಉತ್ತರ

2019ರಲ್ಲಿ ಹವಾಯಿ ವಿಶ್ವವಿದ್ಯಾಲಯದ ಮನೋವಾ ಕ್ಯಾಂಪಸ್ಸಿನ ರಸಾಯನ ವಿಜ್ಞಾನಿಗಳು ಸಯನೋಬ್ಯಾಕ್ಟೀರಿಯಾದಿಂದ ಬೇರ್ಪಡಿಸಿದ ಸಂಯುಕ್ತಗಳ ರಚನೆಯನ್ನು ಖಚಿತಪಡಿಸಿಕೊಳ್ಳುತ್ತಿದ್ದರು. ಈ ಕೆಲಸಕ್ಕೆ ರೂಢಿಯ ಕ್ರಮವೊಂದಿದೆ. ಅಣು ಹೀಗಿರಬಹುದು ಎಂದು ಊಹಿಸುವುದು, ಹಾಗಿದ್ದರೆ ಎನ್‌ಎಂಆರ್ ಉಪಕರಣ ಯಾವ ಅಂಕಿಗಳನ್ನು ತೋರಿಸಬೇಕೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು, ಪ್ರಯೋಗದಲ್ಲಿ ಬಂದ ಅಂಕಿಯ ಜೊತೆ ತಾಳೆ ನೋಡುವುದು. ಲೆಕ್ಕದ ಒಂದು ಹಂತಕ್ಕೆ ಅವರು ಬಳಸಿದ್ದು ಪ್ಯಾಟ್ರಿಕ್ ವಿಲ್ಲೊಬಿ, ಥಾಮಸ್ ಹೊಯ್ ಮತ್ತು ಸಂಗಡಿಗರು 2014ರಲ್ಲಿ ‘ನೇಚರ್ ಪ್ರೊಟೊಕಾಲ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದ ಪೈಥಾನ್ ಸ್ಕ್ರಿಪ್ಟುಗಳನ್ನು. ಸ್ಕ್ರಿಪ್ಟ್ ಒಂದೇ, ಕೊಟ್ಟ ಫೈಲುಗಳೂ ಅವೇ. ಆದರೆ ಮ್ಯಾಕ್‌ನ ಮಾವೆರಿಕ್ಸ್ ಆವೃತ್ತಿಯಲ್ಲೂ ವಿಂಡೋಸ್ 10ರಲ್ಲೂ 173.2 ಎಂದು ಬಂದ ಉತ್ತರ, ಮ್ಯಾಕ್‌ನದೇ ಮೊಹಾವಿ ಆವೃತ್ತಿಯಲ್ಲಿ 172.7 ಆಯಿತು, ಉಬುಂಟು 16.04ರಲ್ಲಿ 172.4 ಆಯಿತು. ಅಣುವಿನ ರಚನೆ ಇದೇ ಎಂಬ ತೀರ್ಮಾನವನ್ನು ತಪ್ಪಿಸಬಲ್ಲಷ್ಟು ದೊಡ್ಡ ಅಂತರ ಇದು.

ಕಾರಣ ರಸಾಯನಶಾಸ್ತ್ರದಲ್ಲಿರಲಿಲ್ಲ. ಫೋಲ್ಡರಿನಲ್ಲಿರುವ ಫೈಲುಗಳ ಪಟ್ಟಿ ಕೊಡು ಎಂದು ಸ್ಕ್ರಿಪ್ಟ್ ಕೇಳುತ್ತಿತ್ತು. ಪೈಥಾನಿನ ‘ಗ್ಲಾಬ್’ ಆ ಪಟ್ಟಿಯನ್ನು ಆಪರೇಟಿಂಗ್ ಸಿಸ್ಟಂ ಕೊಟ್ಟ ಕ್ರಮದಲ್ಲೇ ತಂದು ಒಪ್ಪಿಸುತ್ತಿತ್ತು. ಕೆಲವು ಕಂಪ್ಯೂಟರುಗಳಲ್ಲಿ ಅದು ಅಕಾರಾದಿಯಾಗಿ ಬರುತ್ತದೆ, ಕೆಲವದರಲ್ಲಿ ಡಿಸ್ಕಿನಲ್ಲಿ ಹೇಗಿದೆಯೋ ಹಾಗೆ ಬರುತ್ತದೆ. ಎರಡು ಬಗೆಯ ಫೈಲುಗಳನ್ನು ಜೋಡಿ ಮಾಡುವ ಕಡೆ ಒಂದರ ಜೋಡಿ ಮತ್ತೊಂದಕ್ಕೆ ಬಿತ್ತು. ದೋಷದ ಸಂದೇಶ ಬರಲಿಲ್ಲ, ಬಂದದ್ದು ಅಂಕಿ. ಪಟ್ಟಿಯನ್ನು ಮೊದಲು ಅಕಾರಾದಿಯಾಗಿ ವಿಂಗಡಿಸಿಕೊಳ್ಳುವ ಸಣ್ಣ ಸೇರ್ಪಡೆಯಿಂದ ತೊಂದರೆ ಹೋಯಿತು. ಆ ಹೊತ್ತಿಗೆ ಮೂಲ ಪ್ರಬಂಧವನ್ನು ಉಲ್ಲೇಖಿಸಿದ ಸಂಶೋಧನೆಗಳು ನೂರು ದಾಟಿದ್ದವು.

ಸ್ಕ್ರಿಪ್ಟ್ ಬರೆಯುವವರೆಲ್ಲ ಒಂದಲ್ಲ ಒಂದು ದಿನ ಈ ಜಾತಿಯ ತೊಂದರೆಯನ್ನು ಎದುರಿಸುತ್ತಾರೆ. ಬ್ಯಾಂಕಿನ ವರದಿ ತಯಾರಿಸುವ ಹತ್ತು ಸಾಲಿನದಿರಲಿ, ಪ್ರಯೋಗಾಲಯದ ಸಾವಿರ ಸಾಲಿನದಿರಲಿ, ಬರೆದವರ ಕಂಪ್ಯೂಟರಿನಲ್ಲಿ ಸರಿಯಾಗಿದ್ದದ್ದು ಇನ್ನೊಬ್ಬರ ಕಂಪ್ಯೂಟರಿಗೆ ಹೋದ ಮೇಲೆ ಮುಗ್ಗರಿಸುತ್ತದೆ. ‘ಬಸ್ಸಿಂದ ಇಳಿದು ಬಲಕ್ಕೆ ತಿರುಗಿ’ ಎಂದು ದಾರಿ ಹೇಳುವವರು ಬಸ್ಸು ಯಾವ ಕಡೆಯಿಂದ ಬರುತ್ತದೆ ಎಂಬುದನ್ನು ಹೇಳಿರುವುದಿಲ್ಲ. ಆ ಮಾತು ಅವರು ಬರುವ ಬಸ್ಸಿಗೆ ಮಾತ್ರ ನಿಜ. ಸ್ಕ್ರಿಪ್ಟಿನ ಸ್ಥಿತಿಯೂ ಅದೇ. ಫೈಲಿನಲ್ಲಿ ಕಾಣುವ ಸಾಲುಗಳು ಕೆಲಸದ ಅರ್ಧ ಭಾಗ. ಉಳಿದರ್ಧ ಬರೆದವರ ಕಂಪ್ಯೂಟರಿನಲ್ಲಿ ಹಾಗೇ ಉಳಿದಿರುತ್ತದೆ: ಯಾವ ಶೆಲ್, ಯಾವ ಆವೃತ್ತಿ, ಯಾವ ಅಕ್ಷರ ಸಂಕೇತ, ಯಾವ ಕಾಲವಲಯ, ಯಾವ ಕ್ರಮ. ತೊಂದರೆ ಬಿಡಿಸುವುದೆಂದರೆ ಆ ಬರೆಯದ ಅರ್ಧವನ್ನು ಹುಡುಕಿ ಬರವಣಿಗೆಗೆ ತರುವುದು ಎಂದೇ ನನ್ನ ನಿಲುವು.

ಲಕ್ಷಣಗಳಲ್ಲಿ ಎರಡು ಬಗೆ ಇವೆ. ಒಂದು, ಸ್ಕ್ರಿಪ್ಟ್ ನಿಂತೇ ಹೋಗುವುದು. ಇನ್ನೊಂದು, ಕೊನೆಯವರೆಗೂ ಓಡಿ ಬೇರೆ ಉತ್ತರ ಕೊಡುವುದು. ಮೊದಲನೆಯದು ಕಿರಿಕಿರಿ, ಎರಡನೆಯದು ಅಪಾಯ. ಹವಾಯಿಯದು ಎರಡನೆಯ ಬಗೆ.

ನಿಂತುಹೋಗುವ ಬಗೆಯಲ್ಲಿ ತೀರಾ ಸಾಮಾನ್ಯವಾದದ್ದು ಸಾಲಿನ ಕೊನೆಯ ಗುರುತು. ಟೆಲಿಟೈಪ್ ಯಂತ್ರಗಳಲ್ಲಿ ಅಚ್ಚಿನ ತಲೆಯನ್ನು ಎಡಕ್ಕೆ ಒಯ್ಯುವುದು ಒಂದು ಸಂಕೇತ, ಕಾಗದವನ್ನು ಮೇಲಕ್ಕೆ ಸರಿಸುವುದು ಇನ್ನೊಂದು. ಯುನಿಕ್ಸ್ ವಂಶದವರು ಎರಡನೆಯದನ್ನು ಮಾತ್ರ ಉಳಿಸಿಕೊಂಡರು. ಡಾಸ್ ಮತ್ತು ಅದರ ಹಾದಿಯಲ್ಲಿ ಬಂದ ವಿಂಡೋಸ್ ಎರಡನ್ನೂ ಇಟ್ಟುಕೊಂಡವು. ಹಳೆಯ ಮ್ಯಾಕ್ ಮೊದಲನೆಯದನ್ನು ಮಾತ್ರ ಬಳಸುತ್ತಿತ್ತು. ವಿಂಡೋಸಿನಲ್ಲಿ ತಿದ್ದಿದ ಶೆಲ್ ಸ್ಕ್ರಿಪ್ಟನ್ನು ಲಿನಕ್ಸಿಗೆ ಒಯ್ದರೆ ಮೊದಲ ಸಾಲಿನಲ್ಲಿರುವ ‘ಬ್ಯಾಶ್’ ಎಂಬ ಹೆಸರಿನ ಬಾಲಕ್ಕೆ ಕಣ್ಣಿಗೆ ಕಾಣದ ಅಕ್ಷರವೊಂದು ಅಂಟಿಕೊಂಡಿರುತ್ತದೆ. ಲಿನಕ್ಸ್ ಆ ಬಾಲವನ್ನೂ ಸೇರಿಸಿ ಹೆಸರನ್ನು ಓದುತ್ತದೆ, ಅಂಥ ಪ್ರೋಗ್ರಾಂ ಇಲ್ಲ ಎನ್ನುತ್ತದೆ. ಇಲ್ಲದ್ದು ಸ್ಕ್ರಿಪ್ಟೇ ಎಂದು ತಿಳಿದ ಬಳಕೆದಾರರು ಎದುರಿಗೇ ಇರುವ ಫೈಲನ್ನು ನೋಡುತ್ತ ಕಂಗೆಡುತ್ತಾರೆ. ಬೈಟುಗಳನ್ನು ಬಿಡಿಬಿಡಿಯಾಗಿ ತೋರಿಸುವ ಕಮಾಂಡಿನಲ್ಲಿ ಒಮ್ಮೆ ನೋಡಿದರೆ ಸಾಕು, ಗುಟ್ಟು ಹೊರಬೀಳುತ್ತದೆ. ‘ಡಾಸ್‌ಟುಯುನಿಕ್ಸ್’ ಎಂಬ ಪುಟ್ಟ ಸಾಧನ ಅದನ್ನು ಸರಿಪಡಿಸುತ್ತದೆ. ಯುನಿಕ್ಸ್ ಬಗೆಯ ಸಾಲುಗಳನ್ನು ವಿಂಡೋಸಿನ ನೋಟ್‌ಪ್ಯಾಡ್ ಸರಿಯಾಗಿ ತೋರಿಸತೊಡಗಿದ್ದೇ 2018ರಲ್ಲಿ.

ಶೆಲ್‌ನ ಕಥೆ ಇದಕ್ಕಿಂತ ಸೂಕ್ಷ್ಮ. ‘ಬಿನ್’ ಫೋಲ್ಡರಿನ ‘ಎಸ್‌ಎಚ್’ ಎಂಬ ಹೆಸರು ಎಲ್ಲ ಯುನಿಕ್ಸ್ ಬಗೆಯ ಯಂತ್ರಗಳಲ್ಲೂ ಇದೆ, ಅದರ ಹಿಂದೆ ಇರುವ ಪ್ರೋಗ್ರಾಂ ಮಾತ್ರ ಬೇರೆ ಬೇರೆ. ಬೂಟ್ ವೇಗವಾಗಲಿ ಎಂದು ಉಬುಂಟು 2006ರಲ್ಲಿ 6.10 ಆವೃತ್ತಿಯಿಂದ ಆ ಹೆಸರಿನ ಹಿಂದೆ ಬ್ಯಾಶ್ ಬದಲು ಹಗುರವಾದ ಡ್ಯಾಶ್ ಅನ್ನು ಕೂರಿಸಿತು. ಡೆಬಿಯನ್ 2011ರ ಸ್ಕ್ವೀಜ್ ಆವೃತ್ತಿಯಲ್ಲಿ ಅದೇ ದಾರಿ ಹಿಡಿಯಿತು. ಜೋಡಿ ಚೌಕ ಆವರಣ, ಅರೇ ಮುಂತಾದ ಬ್ಯಾಶ್‌ನ ಸೌಲಭ್ಯಗಳು ಡ್ಯಾಶ್‌ನಲ್ಲಿಲ್ಲ. ಆಪಲ್‌ನದು ಬೇರೆಯೇ ಕಾರಣ. ಬ್ಯಾಶ್ ತನ್ನ 4ನೇ ಆವೃತ್ತಿಯಿಂದ ಜಿಪಿಎಲ್ 3 ಪರವಾನಗಿಗೆ ಹೋದದ್ದರಿಂದ ಮ್ಯಾಕ್‌ಗಳು 3.2ರಲ್ಲೇ ನಿಂತವು, 2019ರ ಕ್ಯಾಟಲೀನಾದಲ್ಲಿ ಹೊಸ ಬಳಕೆದಾರರ ಮೂಲ ಶೆಲ್ ಝಡ್-ಶೆಲ್ ಆಯಿತು. ಲಿನಕ್ಸಿನಲ್ಲಿ ವರ್ಷಗಳಿಂದ ಓಡುತ್ತಿರುವ ಸ್ಕ್ರಿಪ್ಟ್ ಹೊಸ ಮ್ಯಾಕ್‌ನಲ್ಲಿ ‘ಹೀಗೆ ಘೋಷಿಸಲು ಬರುವುದಿಲ್ಲ’ ಎಂದು ನಿಂತರೆ ಕಾರಣ ಸ್ಕ್ರಿಪ್ಟ್ ಬರೆದವರ ಕೈಯಲ್ಲಿಲ್ಲ, ಪರವಾನಗಿಯ ಇತಿಹಾಸದಲ್ಲಿದೆ.

ಕಮಾಂಡುಗಳ ಹೆಸರು ಒಂದೇ ಇದ್ದರೂ ಗುಣ ಬೇರೆ. ಫೈಲನ್ನು ಇದ್ದಲ್ಲೇ ತಿದ್ದು ಎಂದು ‘ಸೆಡ್’ಗೆ ಹೇಳುವ ಆಯ್ಕೆ ಲಿನಕ್ಸಿನ ಗ್ನೂ ಸೆಡ್‌ನಲ್ಲಿ ಒಂಟಿಯಾಗಿ ನಿಲ್ಲುತ್ತದೆ. ಮ್ಯಾಕ್‌ನ ಬಿಎಸ್‌ಡಿ ಸೆಡ್ ಅದರ ಮುಂದೆ ನಕಲಿನ ಬಾಲಹೆಸರನ್ನು ಬಯಸುತ್ತದೆ, ಕೊಡದಿದ್ದರೆ ಮುಂದಿನ ಪದವನ್ನೇ ಬಾಲಹೆಸರೆಂದು ನುಂಗುತ್ತದೆ. ನಿನ್ನೆಯ ತಾರೀಕು ಕೇಳುವ ವಿಧಾನವೂ ಎರಡು ಕಡೆ ಎರಡು ಥರ. 1988ರಲ್ಲಿ ಬಂದ ಪಾಸಿಕ್ಸ್ ಎಂಬ ಮಾನದಂಡ ಇದನ್ನೆಲ್ಲ ಒಂದು ಕಟ್ಟಿಗೆ ತರಲು ಮಾಡಿದ ದೊಡ್ಡ ಪ್ರಯತ್ನ. ಅದು ಹೇಳಿದ್ದಷ್ಟನ್ನೇ ಬಳಸಿದ ಸ್ಕ್ರಿಪ್ಟುಗಳು ಇಂದಿಗೂ ಎಲ್ಲ ಕಡೆ ನಡೆಯುತ್ತವೆ, ಆದರೆ ಅಷ್ಟಕ್ಕೇ ನಿಲ್ಲುವ ಸಂಯಮ ಇರುವವರು ಕಡಿಮೆ. ‘ಶೆಲ್‌ಚೆಕ್’ ಎಂಬ ಉಚಿತ ಸಾಧನಕ್ಕೆ ಸ್ಕ್ರಿಪ್ಟ್ ಕೊಟ್ಟರೆ ಡ್ಯಾಶ್‌ನಲ್ಲಿ ನಡೆಯದ ಸಾಲುಗಳನ್ನು ಬೆರಳಿಟ್ಟು ತೋರಿಸುತ್ತದೆ. ಓಡಿಸುವ ಮೊದಲೇ ಸಿಗುವ ಇಂಥ ಎಚ್ಚರಿಕೆಯನ್ನು ಬಿಟ್ಟುಕೊಡಲು ನನಗೆ ಯಾವ ಕಾರಣವೂ ಕಾಣುವುದಿಲ್ಲ.

ಕೆಲವೊಮ್ಮೆ ಬೇರೆ ಕಂಪ್ಯೂಟರೇ ಬೇಕಿಲ್ಲ. ಟರ್ಮಿನಲ್‌ನಲ್ಲಿ ಕೈಯಾರೆ ಓಡಿಸಿದಾಗ ಸರಿಯಾಗಿರುವ ಸ್ಕ್ರಿಪ್ಟ್, ನಿಗದಿತ ಹೊತ್ತಿಗೆ ಓಡಿಸುವ ‘ಕ್ರಾನ್’ಗೆ ಒಪ್ಪಿಸಿದ ರಾತ್ರಿ ಕೈಕೊಡುತ್ತದೆ. ಕ್ರಾನ್ ನಿಮ್ಮ ಟರ್ಮಿನಲ್‌ನ ಸೆಟ್ಟಿಂಗುಗಳನ್ನು ಓದುವುದಿಲ್ಲ. ಪ್ರೋಗ್ರಾಂಗಳನ್ನು ಹುಡುಕುವ ‘ಪಾತ್’ ಪಟ್ಟಿಯಲ್ಲಿ ಎರಡೋ ಮೂರೋ ಫೋಲ್ಡರುಗಳನ್ನಷ್ಟೇ ಇಟ್ಟುಕೊಂಡಿರುತ್ತದೆ, ಕೆಲಸವನ್ನು ಹೋಮ್ ಫೋಲ್ಡರಿನಲ್ಲಿ ನಿಂತು ಶುರು ಮಾಡುತ್ತದೆ. ನಾವು ಕಂಪ್ಯೂಟರ್ ಎನ್ನುವುದು ಒಂದು ಪೆಟ್ಟಿಗೆಯಲ್ಲ, ಆ ಕ್ಷಣದ ಪರಿಸರ ಎಂಬುದು ಕ್ರಾನ್ ಮುಂದೆ ಚೆನ್ನಾಗಿ ಮನದಟ್ಟಾಗುತ್ತದೆ.

ಇನ್ನು ಅಕ್ಷರಗಳ ವಿಷಯ. ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇದಕ್ಕಿಂತ ಹತ್ತಿರದ ಸಂಗತಿ ಇಲ್ಲ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಯೂನಿಕೋಡ್ ಕನ್ನಡದ ಒಂದೊಂದು ಸಂಕೇತವೂ ಯುಟಿಎಫ್-8ರಲ್ಲಿ ಮೂರು ಬೈಟ್ ಹಿಡಿಯುತ್ತದೆ. ಪೈಥಾನ್ 3ರಲ್ಲಿ ಅಕ್ಷರ ಸಂಕೇತ ಯಾವುದೆಂದು ಹೇಳದೆ ಫೈಲ್ ತೆರೆದರೆ ಅದು ಆಪರೇಟಿಂಗ್ ಸಿಸ್ಟಂ ಅನ್ನು ಕೇಳಿಕೊಳ್ಳುತ್ತದೆ. ಲಿನಕ್ಸ್ ಮತ್ತು ಮ್ಯಾಕ್ ಸಾಮಾನ್ಯವಾಗಿ ಯುಟಿಎಫ್-8 ಎನ್ನುತ್ತವೆ. ಇಂಗ್ಲಿಷ್ ಸೆಟ್ಟಿಂಗಿನ ವಿಂಡೋಸ್ 1252 ಎಂಬ ಹಳೆಯ ಯುರೋಪಿಯನ್ ಕೋಷ್ಟಕವನ್ನು ಮುಂದಿಡುತ್ತದೆ. ಆ ಕೋಷ್ಟಕದ ಐದು ಸ್ಥಾನಗಳು ಖಾಲಿ. ಕನ್ನಡದ ಉಕಾರದ ಗುಣಿತ ಚಿಹ್ನೆಯ ಕೊನೆಯ ಬೈಟ್, ಅರ್ಧಾಕ್ಷರ ಮಾಡುವ ವಿರಾಮ ಚಿಹ್ನೆಯ ಕೊನೆಯ ಬೈಟ್, ‘ಏ’, ‘ಐ’, ‘ಝ’ ಇವುಗಳ ಕೊನೆಯ ಬೈಟ್ ಸರಿಯಾಗಿ ಆ ಖಾಲಿ ಜಾಗಗಳಿಗೇ ಹೋಗಿ ಬೀಳುತ್ತವೆ. ಪರಿಣಾಮ ನೋಡಿ. ಜಿಲ್ಲೆಗಳ ಪಟ್ಟಿ ಇರುವ ಫೈಲನ್ನು ಅಂಥ ವಿಂಡೋಸಿನಲ್ಲಿ ಓದಿಸಿದರೆ ‘ಮೈಸೂರು’ ಎಂಬಲ್ಲಿ ಸ್ಕ್ರಿಪ್ಟ್ ದೋಷ ಹೇಳಿ ನಿಲ್ಲುತ್ತದೆ, ಏಕೆಂದರೆ ಕೊನೆಯಲ್ಲಿ ಉಕಾರ ಇದೆ. ‘ಮಂಡ್ಯ’ದಲ್ಲೂ ನಿಲ್ಲುತ್ತದೆ, ಒತ್ತಕ್ಷರ ಇದೆ. ‘ಕೋಲಾರ’, ‘ಹಾಸನ’, ‘ಧಾರವಾಡ’ ಮಾತ್ರ ಇರುವ ಫೈಲಾದರೆ ನಿಲ್ಲುವುದೇ ಇಲ್ಲ. ಹೆಸರುಗಳು ಯುರೋಪಿನ ಚಿಹ್ನೆಗಳ ಕಲಸುಮೇಲೋಗರವಾಗಿ ಒಳಗೆ ಹೋಗುತ್ತವೆ, ಸ್ಕ್ರಿಪ್ಟ್ ಮುಂದುವರಿಯುತ್ತದೆ. ಐದಾರು ಹೆಸರುಗಳ ಮಾದರಿ ಫೈಲಿನಲ್ಲಿ ಪರೀಕ್ಷಿಸಿ ‘ನಿಲ್ಲಲಿಲ್ಲ, ಸರಿಯಿದೆ’ ಎಂದುಕೊಂಡವರು ಪೂರ್ತಿ ಪಟ್ಟಿ ಕೊಟ್ಟ ದಿನ ಎಡವುವುದು ಹೀಗೆ.

ಇದಕ್ಕೆ ಮದ್ದು ಅರ್ಧ ಸಾಲಿನದು: ಫೈಲ್ ತೆರೆಯುವಾಗ ಯುಟಿಎಫ್-8 ಎಂದು ಬರೆಯುವುದು. ಪೈಥಾನ್ ತನ್ನ 3.15ನೇ ಆವೃತ್ತಿಯಿಂದ ಯುಟಿಎಫ್-8ನ್ನೇ ಮೂಲ ಆಯ್ಕೆ ಮಾಡಬೇಕೆಂದು ತೀರ್ಮಾನಿಸಿದೆ. ಆದರೂ ಹಳೆಯ ಆವೃತ್ತಿಗಳು ಕಚೇರಿಗಳಲ್ಲಿ ಬಹುಕಾಲ ಉಳಿಯುತ್ತವೆ, ಆ ಅರ್ಧ ಸಾಲನ್ನು ಬರೆಯುವ ಅಭ್ಯಾಸವೇ ಒಳ್ಳೆಯದು.

ಪವರ್‌ಶೆಲ್‌ನಲ್ಲಿ ಇನ್ನೊಂದು ತಿರುವು. ಫೈಲಿನ ತಲೆಗೆ ಯೂನಿಕೋಡಿನ ಗುರುತು, ಅಂದರೆ ಬಾಮ್, ಇಲ್ಲದಿದ್ದರೆ ವಿಂಡೋಸಿನ ಜೊತೆಗೇ ಬರುವ 5.1 ಆವೃತ್ತಿ ಸ್ಕ್ರಿಪ್ಟನ್ನು ಹಳೆಯ ಕೋಷ್ಟಕದಂತೆ ಓದುತ್ತದೆ. 7ನೇ ಆವೃತ್ತಿ ಯುಟಿಎಫ್-8 ಎಂದು ಓದುತ್ತದೆ. ಹಾಗಾಗಿ ಒಳಗೆ ಕನ್ನಡ ಸಂದೇಶವಿರುವ ಸ್ಕ್ರಿಪ್ಟ್ ಒಂದು ಮೇಜಿನ ಮೇಲೆ ಸರಿ, ಪಕ್ಕದ ಮೇಜಿನ ಮೇಲೆ ಹಾಳು. ಬಾಮ್ ಹಾಕಿದರೆ ಅಲ್ಲಿ ಸರಿಹೋಗುತ್ತದೆ. ಅದೇ ಬಾಮ್ ಲಿನಕ್ಸಿನ ಶೆಲ್ ಸ್ಕ್ರಿಪ್ಟಿನ ತಲೆಯಲ್ಲಿದ್ದರೆ ಮೊದಲ ಸಾಲನ್ನೇ ಕೆಡಿಸುತ್ತದೆ.

ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಟೈಪಾದ ಕಡತಗಳು ಇನ್ನೂ ನಮ್ಮ ಮುದ್ರಣಾಲಯಗಳಲ್ಲಿ, ಕಚೇರಿಗಳಲ್ಲಿ ಇವೆ. ಅವುಗಳಲ್ಲಿ ಕಂಪ್ಯೂಟರ್ ಉಳಿಸಿಕೊಂಡಿರುವುದು ರೋಮನ್ ಅಕ್ಷರಗಳ ಸಂಕೇತಗಳನ್ನು; ಕನ್ನಡವಾಗಿ ಕಾಣುವುದು ಫಾಂಟಿನ ದೆಸೆಯಿಂದ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದು ಓದಲಾಗದ ಸಾಲು. ಫಾಂಟ್ ಇದ್ದರೂ ಸ್ಕ್ರಿಪ್ಟಿಗೆ ಅದು ಕನ್ನಡವಲ್ಲ. ಯೂನಿಕೋಡಿನಲ್ಲಿರುವ ‘ರಾಮಣ್ಣ’ನನ್ನು ಅಲ್ಲಿ ಹುಡುಕಿದರೆ ಸಿಗುವುದಿಲ್ಲ. ಇಂಥ ಕಡತವನ್ನು ಪರಿವರ್ತಕದಿಂದ ಯೂನಿಕೋಡಿಗೆ ತಂದ ಮೇಲೆಯೇ ಸ್ಕ್ರಿಪ್ಟಿನ ದೋಷ ಹುಡುಕಬೇಕು.

ಯೂನಿಕೋಡಿನ ಒಳಗೂ ಒಂದು ಹೆಸರನ್ನು ಎರಡು ರೀತಿ ಬರೆಯಬಹುದು. ‘ಕೋಲಾರ’ದ ‘ಕೋ’ದಲ್ಲಿರುವ ಓಕಾರ ಒಂದೇ ಸಂಕೇತವಾಗಿ ಇರಬಹುದು, ಇಲ್ಲವೇ ಎತ್ವ, ಊಕಾರದ ಕೊಂಬು, ದೀರ್ಘದ ಗುರುತು ಎಂದು ಮೂರು ತುಂಡಾಗಿರಬಹುದು. ಮೊದಲ ರೀತಿಯಲ್ಲಿ ಇಡೀ ಹೆಸರು 5 ಸಂಕೇತ, ಎರಡನೆಯದರಲ್ಲಿ 7. ತೆರೆಯ ಮೇಲೆ ಕೂದಲೆಳೆಯ ವ್ಯತ್ಯಾಸವಿಲ್ಲ. ಆಪಲ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಫೈಲ್ ವ್ಯವಸ್ಥೆ ಎಲ್ಲ ಫೈಲ್ ಹೆಸರುಗಳನ್ನೂ ಒಡೆದ ರೂಪದಲ್ಲೇ ಇಡುತ್ತಿತ್ತು; ಲಿನಕ್ಸ್ ಕೊಟ್ಟದ್ದನ್ನು ಕೊಟ್ಟ ಹಾಗೆ ಇಡುತ್ತದೆ. ಹಾಗೆ ಮ್ಯಾಕ್‌ನಿಂದ ಬಂದ ಫೈಲನ್ನು ಲಿನಕ್ಸಿನ ಸ್ಕ್ರಿಪ್ಟ್ ಹೆಸರು ಹಿಡಿದು ಕೇಳಿದರೆ ಇಲ್ಲ ಎನ್ನುತ್ತದೆ, ಫೋಲ್ಡರ್ ತೆರೆದರೆ ಕಣ್ಣೆದುರಿಗೇ ಇರುತ್ತದೆ. ಹೋಲಿಸುವ ಮುನ್ನ ಎರಡು ಹೆಸರುಗಳನ್ನೂ ಒಂದೇ ರೂಪಕ್ಕೆ ತರುವುದು ಪರಿಹಾರ. ದೊಡ್ಡಕ್ಷರ ಸಣ್ಣಕ್ಷರಗಳ ತಕರಾರು ಕನ್ನಡಕ್ಕಿಲ್ಲ, ಆದರೆ ಇಂಗ್ಲಿಷ್ ಹೆಸರಿನ ಫೈಲುಗಳಿಗೆ ಇದೆ: ವಿಂಡೋಸ್ ಮತ್ತು ಮ್ಯಾಕ್ ಸಾಮಾನ್ಯವಾಗಿ ಎರಡನ್ನೂ ಒಂದೆಂದು ಎಣಿಸುತ್ತವೆ, ಲಿನಕ್ಸ್ ಎಣಿಸುವುದಿಲ್ಲ.

ವಿಂಗಡಣೆಯಲ್ಲೂ ನಮಗೆ ನಮ್ಮದೇ ಉದಾಹರಣೆ ಇದೆ. ಯೂನಿಕೋಡಿನ ಸಂಖ್ಯೆಯ ಪ್ರಕಾರ ‘ಳ’ ಬರುವುದು ‘ಲ’ ಮತ್ತು ‘ವ’ಗಳ ನಡುವೆ. ನಮ್ಮ ವರ್ಣಮಾಲೆಯಲ್ಲಿ ಅದು ‘ಹ’ದ ನಂತರ. ಭಾಷೆಯ ಸೆಟ್ಟಿಂಗ್ ಇಲ್ಲದೆ ಬರಿಯ ಸಂಖ್ಯೆಯಿಂದ ವಿಂಗಡಿಸುವ ಕಂಪ್ಯೂಟರಿನಲ್ಲಿ ಒಂದು ಕ್ರಮ, ಕನ್ನಡದ ನಿಯಮ ತಿಳಿದ ಕಂಪ್ಯೂಟರಿನಲ್ಲಿ ಇನ್ನೊಂದು ಕ್ರಮ. ವಿಂಗಡಿಸಿದ ಎರಡು ಪಟ್ಟಿಗಳನ್ನು ಸಾಲಿಗೆ ಸಾಲು ಹೊಂದಿಸುವ ಸ್ಕ್ರಿಪ್ಟ್ ಇದ್ದರೆ ಹವಾಯಿಯಲ್ಲಿ ನಡೆದದ್ದೇ ಇಲ್ಲಿಯೂ ನಡೆಯುತ್ತದೆ.

ಹೊತ್ತಿನ ಲೆಕ್ಕ ಬೇಗ ಹೇಳಿ ಮುಗಿಸಬಹುದು. ಕ್ಲೌಡ್ ಸರ್ವರುಗಳು ಹೆಚ್ಚಾಗಿ ಯುಟಿಸಿ ಕಾಲದಲ್ಲಿರುತ್ತವೆ, ನಾವು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಬೆಳಗಿನ ಜಾವ 5 ಗಂಟೆಗೆ ಓಡುವ ಸ್ಕ್ರಿಪ್ಟ್ ಬೆಂಗಳೂರಿನ ಲ್ಯಾಪ್‌ಟಾಪಿನಲ್ಲಿ ಇವತ್ತಿನ ತಾರೀಕು ಹಾಕುತ್ತದೆ, ಸರ್ವರಿನಲ್ಲಿ ನಿನ್ನೆಯದನ್ನು ಹಾಕುತ್ತದೆ. ಮಧ್ಯಾಹ್ನ ಪರೀಕ್ಷಿಸಿದವರಿಗೆ ಈ ದೋಷ ಎಂದೂ ಸಿಗುವುದಿಲ್ಲ.

ಆವೃತ್ತಿ ಬದಲಾವಣೆಯ ಪಟ್ಟಿಗೆ ಕೊನೆಯಿಲ್ಲ. ಪೈಥಾನ್ 2ರಲ್ಲಿ 7ನ್ನು 2ರಿಂದ ಭಾಗಿಸಿದರೆ 3, ಪೈಥಾನ್ 3ರಲ್ಲಿ 3.5. ಅಂಕಿಅಂಶದವರು ಬಳಸುವ ಆರ್ ಭಾಷೆಯಲ್ಲಿ 2019ರ 3.6.0 ಆವೃತ್ತಿ ಯಾದೃಚ್ಛಿಕ ಆಯ್ಕೆಯ ವಿಧಾನವನ್ನೇ ಬದಲಿಸಿತು. ಒಂದೇ ಬೀಜಸಂಖ್ಯೆ ಕೊಟ್ಟರೂ ಮೊದಲಿನ ಮಾದರಿ ಮತ್ತೆ ಸಿಗದಾಯಿತು. ಹಳೆಯ ವಿಧಾನದಲ್ಲಿ ಸಣ್ಣ ಪಕ್ಷಪಾತವಿತ್ತು, ತಿದ್ದಿದ್ದು ಸರಿಯೇ. ಆದರೆ ಪ್ರಬಂಧದಲ್ಲಿ ಬೀಜಸಂಖ್ಯೆಯನ್ನು ಬರೆದು ಆವೃತ್ತಿಯನ್ನು ಬಿಟ್ಟವರು ಅರ್ಧ ಮಾತ್ರ ಬರೆದಂತಾಯಿತು. ಪೈಥಾನಿನಲ್ಲಿ ಪದಗಳ ಗಣವೊಂದನ್ನು ಸುತ್ತಿಬಂದರೆ ಕ್ರಮ ಪ್ರತಿ ಓಟಕ್ಕೂ ಬದಲಾಗಬಹುದು, ಭದ್ರತೆಗಾಗಿ 3.3ರಿಂದ ಹಾಗೆ ಮಾಡಲಾಗಿದೆ. ಅಂಥ ಕಡೆ ‘ಬೇರೆ ಕಂಪ್ಯೂಟರಿನಲ್ಲಿ ಬೇರೆ ಉತ್ತರ’ ಎಂಬ ದೂರನ್ನು ನಂಬುವ ಮೊದಲು ಅದೇ ಕಂಪ್ಯೂಟರಿನಲ್ಲಿ ಮತ್ತೆ ಮತ್ತೆ ಓಡಿಸಿ ನೋಡಬೇಕು.

ಇದೆಲ್ಲ ಎಲ್ಲೋ ಅಪರೂಪಕ್ಕೆ ನಡೆಯುವುದಲ್ಲ. ಜೊವಾವೊ ಫೆಲಿಪೆ ಪಿಮೆಂಟೆಲ್ ಮತ್ತು ಸಂಗಡಿಗರು 2019ರಲ್ಲಿ ಸಾರ್ವಜನಿಕವಾಗಿ ಸಿಗುವ ಜುಪಿಟರ್ ನೋಟ್‌ಬುಕ್‌ಗಳನ್ನು ದೊಡ್ಡ ಪ್ರಮಾಣದಲ್ಲಿ ಓಡಿಸಿ ನೋಡಿದರು. ದೋಷವಿಲ್ಲದೆ ಓಡಿದವು ಶೇ. 24ರಷ್ಟು. ಮೊದಲಿನ ಉತ್ತರವನ್ನೇ ಕೊಟ್ಟವು ಶೇ. 4ರಷ್ಟು. ಆನಾ ಟ್ರಿಸೊವಿಕ್ ಮತ್ತು ಸಂಗಡಿಗರು ಹಾರ್ವರ್ಡ್ ಡೇಟಾವರ್ಸ್ ಭಂಡಾರದಲ್ಲಿದ್ದ 9,000ಕ್ಕೂ ಹೆಚ್ಚು ಆರ್ ಫೈಲುಗಳನ್ನು ಓಡಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 74 ಮೊದಲ ಯತ್ನದಲ್ಲೇ ವಿಫಲವಾದವು. ಫೈಲಿನ ದಾರಿಗಳನ್ನು ಸರಿಪಡಿಸುವಂಥ ಸ್ವಚ್ಛತೆಯ ಕೆಲಸ ಮಾಡಿದ ಮೇಲೂ ಶೇ. 56 ವಿಫಲ. ಇವು ಸಂಶೋಧಕರು ಪರರ ಬಳಕೆಗೆಂದೇ ಹೊರಗಿಟ್ಟ ಫೈಲುಗಳು.

ಹಾಗಾದರೆ ತೊಂದರೆ ಬಂದಾಗ ಎಲ್ಲಿಂದ ಶುರು ಮಾಡಬೇಕು? ನನ್ನ ಮಟ್ಟಿಗೆ ಮೊದಲ ಪ್ರಶ್ನೆ ತೀರಾ ಸರಳ: ಎರಡೂ ಕಡೆ ಇರುವುದು ನಿಜವಾಗಿ ಅದೇ ಸ್ಕ್ರಿಪ್ಟೇ, ಅದೇ ದತ್ತಾಂಶವೇ? ಎರಡರ ಚೆಕ್‌ಸಮ್ ತೆಗೆದು ಹೋಲಿಸಲು ಒಂದು ನಿಮಿಷ ಸಾಕು. ಮೇಲ್‌ನಲ್ಲಿ ಹೋದ ಹಳೆಯ ಪ್ರತಿ, ಎಕ್ಸೆಲ್‌ನಲ್ಲಿ ತೆರೆದು ಉಳಿಸಿದ ಸಿಎಸ್‌ವಿ, ಪೆನ್‌ಡ್ರೈವ್ ದಾಟಿ ಬಂದು ಓಡುವ ಅನುಮತಿ ಕಳೆದುಕೊಂಡ ಫೈಲು, ಇವು ಈ ಹಂತದಲ್ಲೇ ಸಿಕ್ಕಿಬೀಳುತ್ತವೆ.

ಎರಡನೆಯದು, ಓಡುತ್ತಿರುವುದು ಯಾವುದು ಎಂದು ಸ್ಕ್ರಿಪ್ಟನ್ನೇ ಕೇಳುವುದು. ಟರ್ಮಿನಲ್‌ನಲ್ಲಿ ಪೈಥಾನ್ ಆವೃತ್ತಿ ನೋಡಿದರೆ ಸಾಲದು, ಏಕೆಂದರೆ ಒಂದೇ ಕಂಪ್ಯೂಟರಿನಲ್ಲಿ ಮೂರು ಪೈಥಾನ್ ಇರುವುದು ಈಗ ಸಾಮಾನ್ಯ. ತನ್ನನ್ನು ಓಡಿಸುತ್ತಿರುವ ಪ್ರೋಗ್ರಾಮಿನ ಪೂರ್ತಿ ದಾರಿ, ಆವೃತ್ತಿ, ನಿಂತಿರುವ ಫೋಲ್ಡರ್, ಭಾಷಾ ಸೆಟ್ಟಿಂಗ್, ಕಾಲವಲಯ ಇಷ್ಟನ್ನು ಸ್ಕ್ರಿಪ್ಟ್ ಶುರುವಿನಲ್ಲೇ ಮುದ್ರಿಸುವಂತೆ ಮಾಡಿದರೆ ಎರಡು ಕಂಪ್ಯೂಟರುಗಳ ಮುದ್ರಿತವನ್ನು ಪಕ್ಕಪಕ್ಕ ಇಟ್ಟು ನೋಡಬಹುದು. ಪರಿಸರದ ಚರಾಂಶಗಳನ್ನೆಲ್ಲ ಎರಡೂ ಕಡೆ ಫೈಲಿಗೆ ಸುರಿದು ಹೋಲಿಸುವುದು ಇದರದೇ ವಿಸ್ತರಣೆ. ಆ ಚರಾಂಶಗಳಲ್ಲಿ ಪಾಸ್‌ವರ್ಡುಗಳೂ ಇರಬಹುದು, ಇನ್ನೊಬ್ಬರಿಗೆ ಕಳಿಸುವ ಮುನ್ನ ನೋಡಿ ಅಳಿಸಬೇಕು.

ಸ್ಕ್ರಿಪ್ಟ್ ನಿಲ್ಲದೆ ಬೇರೆ ಉತ್ತರ ಕೊಡುತ್ತಿದ್ದರೆ ಮಧ್ಯದ ಹಂತಗಳನ್ನು ಹೊರತೆಗೆಯದೆ ದಾರಿಯಿಲ್ಲ. ಅರ್ಧ ದಾರಿಯಲ್ಲಿರುವ ಫಲಿತವನ್ನು ಎರಡೂ ಕಡೆ ಬರೆಸಿ ಹೋಲಿಸಿ. ಅಲ್ಲಿ ಒಂದೇ ಇದ್ದರೆ ದೋಷ ಮುಂದಿನ ಅರ್ಧದಲ್ಲಿದೆ, ಬೇರೆ ಇದ್ದರೆ ಹಿಂದಿನದರಲ್ಲಿ. ಹೀಗೆ ಅರ್ಧಕ್ಕೆ ಅರ್ಧ ಮಾಡುತ್ತ ಹೋದರೆ ಸಾವಿರ ಸಾಲಿನ ಸ್ಕ್ರಿಪ್ಟಿನಲ್ಲಿ ಹತ್ತು ಹೆಜ್ಜೆಗೆ ಸಾಲು ಸಿಗುತ್ತದೆ. ಜರ್ಮನಿಯ ಆಂಡ್ರಿಯಾಸ್ ಜೆಲ್ಲರ್ 1999ರಲ್ಲಿ ಈ ಹಾದಿಯನ್ನು ಯಂತ್ರಕ್ಕೇ ಕಲಿಸಿ ಅದಕ್ಕೆ ಡೆಲ್ಟಾ ಡೀಬಗಿಂಗ್ ಎಂದು ಹೆಸರಿಟ್ಟರು. ಜಿಡಿಬಿ ಎಂಬ ಸಾಧನದ ಹೊಸ ಆವೃತ್ತಿ ಬಂದಾಗ ಅದರ ಮೇಲೆ ಕುಳಿತ ಡಿಡಿಡಿ ಎಂಬ ಇನ್ನೊಂದು ಸಾಧನ ಕೆಟ್ಟಿತು. ಬದಲಾದ ಸಾಲುಗಳು 1,78,000. ಅವುಗಳ ನಡುವಿನಿಂದ ಅವರ ವಿಧಾನ ಹೆಕ್ಕಿ ತೆಗೆದದ್ದು ಒಂದೇ ಒಂದು ಬದಲಾವಣೆಯನ್ನು: ಜಿಡಿಬಿ ತೋರಿಸುವ ಸಂದೇಶವೊಂದರ ಪದ ಬದಲಾಗಿತ್ತು, ಡಿಡಿಡಿ ಹಳೆಯ ಪದವನ್ನು ಹುಡುಕುತ್ತಿತ್ತು. ಇನ್ನೊಂದು ಪ್ರೋಗ್ರಾಂ ಮನುಷ್ಯರಿಗಾಗಿ ಮುದ್ರಿಸುವ ವಾಕ್ಯವನ್ನು ಓದಿ ಕೆಲಸ ನಡೆಸುವ ಸ್ಕ್ರಿಪ್ಟುಗಳೆಲ್ಲ ಇದೇ ಅಪಾಯದಲ್ಲಿವೆ. ಜರ್ಮನ್ ಅಥವಾ ಫ್ರೆಂಚ್ ಭಾಷೆಯ ವಿಂಡೋಸಿನಲ್ಲಿ ಸಂದೇಶದ ಭಾಷೆಯೇ ಬೇರೆ.

ಒಮ್ಮೆಗೆ ಒಂದನ್ನು ಮಾತ್ರ ಬದಲಿಸುವುದು, ಸರಿಹೋಯಿತು ಅನ್ನಿಸಿದ ಮೇಲೆ ಆ ಬದಲಾವಣೆಯನ್ನು ಹಿಂದಕ್ಕೆ ತೆಗೆದು ದೋಷ ಮರಳಿ ಬರುತ್ತದೆಯೇ ಎಂದು ನೋಡುವುದು: ಇವೆರಡನ್ನು ಬಿಟ್ಟವರು ಕಾರಣ ಕಂಡುಕೊಂಡಿಲ್ಲ, ತೊಂದರೆ ಕಣ್ಮರೆಯಾದದ್ದನ್ನಷ್ಟೇ ನೋಡಿದ್ದಾರೆ. ಎಲ್ಲಕ್ಕೂ ಮೊದಲು ಅಡ್ಮಿನಿಸ್ಟ್ರೇಟರ್ ಆಗಿ ಓಡಿಸುವುದು, ಫೈಲಿನ ಅನುಮತಿಯನ್ನು ಎಲ್ಲರಿಗೂ ತೆರೆದುಬಿಡುವುದು, ಎಲ್ಲವನ್ನೂ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡುವುದು ನಮ್ಮಲ್ಲಿ ರೂಢಿಯಾಗಿದೆ. ಇವು ಕೆಲವೊಮ್ಮೆ ಫಲ ಕೊಡುತ್ತವೆ. ಆದರೆ ಸಾಕ್ಷ್ಯವನ್ನು ಅಳಿಸಿ, ಭದ್ರತೆಯನ್ನೂ ಸಡಿಲಿಸಿ ಹೋಗುತ್ತವೆ. ಅದಕ್ಕಿಂತ ಒಳ್ಳೆಯ ಪರೀಕ್ಷೆ, ಬರೆದವರ ಕಂಪ್ಯೂಟರಿನಲ್ಲೇ ಹೊಸ ಬಳಕೆದಾರ ಖಾತೆ ತೆರೆದು ಅಲ್ಲಿಂದ ಓಡಿಸುವುದು. ಅಲ್ಲೂ ಕೆಟ್ಟರೆ ದೋಷದ ಬೇರು ನಿಮ್ಮ ಖಾತೆಯ ಸೆಟ್ಟಿಂಗುಗಳಲ್ಲಿದೆ, ಎರಡನೆಯ ಕಂಪ್ಯೂಟರಿನಲ್ಲಿ ಹುಡುಕಬೇಕಾಗಿಲ್ಲ.

ಇಡೀ ಪರಿಸರವನ್ನೇ ಕಟ್ಟಿ ಕಳಿಸಿಬಿಟ್ಟರೆ ಈ ಗೋಳೇ ಇರುವುದಿಲ್ಲವಲ್ಲ ಎಂಬ ವಾದ 2013ರಲ್ಲಿ ಡಾಕರ್ ಬಂದ ಮೇಲೆ ಬಲವಾಗಿದೆ. ವಾದದಲ್ಲಿ ಹುರುಳಿದೆ. ಸ್ಕ್ರಿಪ್ಟ್, ಅದಕ್ಕೆ ಬೇಕಾದ ಲೈಬ್ರರಿಗಳು, ಶೆಲ್, ಭಾಷಾ ಸೆಟ್ಟಿಂಗ್ ಎಲ್ಲ ಒಂದೇ ಕಂಟೇನರಿನಲ್ಲಿ ಹೋಗುತ್ತವೆ. ಆದರೆ ಕಂಟೇನರ್ ಹೊರಗಿನ ಯಂತ್ರದ ಕರ್ನಲ್ ಅನ್ನೇ ಬಳಸುತ್ತದೆ. ಇಂಟೆಲ್ ಚಿಪ್‌ಗೆ ಕಟ್ಟಿದ್ದು 2020ರ ನಂತರದ ಆಪಲ್ ಚಿಪ್‌ಗಳಲ್ಲಿ ಅನುಕರಣೆಯ ಮೂಲಕ ಓಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕಟ್ಟುವ ವಿಧಿಯಲ್ಲಿ ‘ಇತ್ತೀಚಿನ ಆವೃತ್ತಿ ತಾ’ ಎಂದು ಬರೆದಿದ್ದರೆ ಮುಂದಿನ ತಿಂಗಳು ಕಟ್ಟಿದಾಗ ಬರುವುದು ಬೇರೆಯದೇ ಕಂಟೇನರ್. ಎಲ್ಕೊ ಡೊಲ್ಸ್ಟ್ರಾ ಆರಂಭಿಸಿದ ನಿಕ್ಸ್, ಅದೇ ದಾರಿಯ ಗ್ನೂ ಗೀಕ್ಸ್ ಈ ದೌರ್ಬಲ್ಯವನ್ನು ಕಂಡು, ಪ್ರತಿಯೊಂದು ಅವಲಂಬನೆಯನ್ನೂ ನಿಖರವಾಗಿ ಹೆಸರಿಸಲು ಒತ್ತಾಯಿಸುತ್ತವೆ. ಕಲಿಯಲು ಕಷ್ಟ, ಆದರೆ ಬೇಡಿಕೆ ಸರಿಯಾದದ್ದು. ಕಂಟೇನರನ್ನು ನಾನು ಬೇಡ ಎನ್ನುವುದಿಲ್ಲ. ಗ್ಲಾಬ್‌ನ ಪಟ್ಟಿಯನ್ನು ವಿಂಗಡಿಸದ ಸ್ಕ್ರಿಪ್ಟನ್ನು ಕಂಟೇನರಿನಲ್ಲಿಟ್ಟರೆ ತಪ್ಪು ಅಂಕಿಯೂ ಎಲ್ಲ ಕಡೆ ಒಂದೇ ಆಗಿ ಬರಬಹುದು, ಆಗ ಅದನ್ನು ಅನುಮಾನಿಸುವವರೇ ಇರುವುದಿಲ್ಲ ಎಂಬ ಭಯ ನನ್ನದು. ಎರಡು ಕಂಪ್ಯೂಟರುಗಳ ಉತ್ತರ ಬೇರೆಯಾದದ್ದರಿಂದಲೇ ಮನೋವಾದ ತಂಡಕ್ಕೆ ದೋಷ ಕಂಡದ್ದು.

ಎಲ್ಲವನ್ನೂ ಬರೆದಿಟ್ಟ ಮೇಲೂ ಉಳಿಯುವ ವ್ಯತ್ಯಾಸವೊಂದಿದೆ, ಅದು ದಶಮಾಂಶದ ಲೆಕ್ಕ. ಕಂಪ್ಯೂಟರಿನಲ್ಲಿ ಮೂರು ಸಂಖ್ಯೆಗಳನ್ನು ಯಾವ ಎರಡರಿಂದ ಕೂಡಲು ಶುರು ಮಾಡಿದಿರಿ ಎಂಬುದರ ಮೇಲೆ ಕೊನೆಯ ಅಂಕಿ ಬದಲಾಗಬಹುದು. ಇಂಟೆಲ್‌ನ ಹಳೆಯ ಗಣಿತ ಘಟಕ ನಡುವಿನ ಲೆಕ್ಕವನ್ನು 80 ಬಿಟ್‌ನಲ್ಲಿ ಮಾಡುತ್ತಿತ್ತು, ನಂತರದ ಘಟಕ 64 ಬಿಟ್‌ನಲ್ಲಿ ಮಾಡುತ್ತದೆ. ಪ್ರೊಸೆಸರ್ ಯಾವುದೆಂದು ನೋಡಿ ಬೇರೆ ದಾರಿ ಹಿಡಿಯುವ ಗಣಿತ ಲೈಬ್ರರಿಗಳಿವೆ. ಕೆಲಸವನ್ನು ಹಲವು ಕೋರ್‌ಗಳಿಗೆ ಹಂಚಿದಾಗ ಕೂಡುವ ಕ್ರಮ ಓಟದಿಂದ ಓಟಕ್ಕೆ ಬದಲಾಗಬಹುದು. ಇವುಗಳಲ್ಲಿ ಒಂದು ಸರಿ, ಒಂದು ತಪ್ಪು ಎನ್ನಲು ಬರುವುದಿಲ್ಲ. ಎಷ್ಟು ಅಂತರವನ್ನು ಒಂದೇ ಎಂದು ಒಪ್ಪುತ್ತೇವೆ ಎಂಬುದನ್ನು ಸ್ಕ್ರಿಪ್ಟ್ ಬರೆದವರೇ ಮೊದಲು ಹೇಳಬೇಕು. ಹೇಳದಿದ್ದರೆ ಎರಡನೆಯ ಕಂಪ್ಯೂಟರಿನವರು ಹನ್ನೆರಡನೆಯ ದಶಮಾಂಶಕ್ಕಾಗಿ ವಾರಗಟ್ಟಲೆ ಹೆಣಗುತ್ತಾರೆ.

ಆ ಅಂತರ ಎಷ್ಟು ಬೆಳೆಯಬಹುದು ಎಂಬುದಕ್ಕೆ ಮಿದುಳಿನ ಚಿತ್ರಗಳನ್ನು ಅಳೆಯುವ ಫ್ರೀಸರ್ಫರ್ ಎಂಬ ತಂತ್ರಾಂಶದ ಮೇಲೆ ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್‌ನ ಎಡ್ ಗ್ರೊನೆನ್‌ಶಿಲ್ಡ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಅದೇ ಚಿತ್ರಗಳು. ತಂತ್ರಾಂಶದ ಆವೃತ್ತಿ ಬದಲಾದಾಗ ಮಿದುಳಿನ ಭಾಗಗಳ ಗಾತ್ರದಲ್ಲಿ ಸರಾಸರಿ ಶೇ. 8.8ರ ವ್ಯತ್ಯಾಸ ಬಂತು. ಮ್ಯಾಕ್‌ನಿಂದ ಎಚ್‌ಪಿ ಯಂತ್ರಕ್ಕೆ ಹೋದಾಗ, ಮ್ಯಾಕ್‌ನದೇ ಆಪರೇಟಿಂಗ್ ಸಿಸ್ಟಂ 10.5ರಿಂದ 10.6ಕ್ಕೆ ಏರಿದಾಗ ಅದರ ಅರ್ಧದಷ್ಟು. ರೋಗದಿಂದ ಮಿದುಳು ಕುಗ್ಗಿದೆಯೇ ಎಂದು ನೋಡುವ ಕೆಲಸದಲ್ಲಿ ಇದು ದೊಡ್ಡ ಅಂಕಿ. ಅವರು ಕೊಟ್ಟ ಸಲಹೆ ಇಷ್ಟು: ಅಧ್ಯಯನ ನಡೆಯುತ್ತಿರುವಾಗ ತಂತ್ರಾಂಶದ ಆವೃತ್ತಿಯನ್ನಾಗಲಿ, ಆಪರೇಟಿಂಗ್ ಸಿಸ್ಟಂ ಅನ್ನಾಗಲಿ ಬದಲಿಸಬೇಡಿ, ಬದಲಿಸಲೇಬೇಕಾದರೆ ಆಗಲೇ ಅಳೆದ ಚಿತ್ರಗಳನ್ನೂ ಹೊಸದರಲ್ಲಿ ಮತ್ತೆ ಅಳೆಯಿರಿ.